ಹಳದಿ ಚೀಲದೊಳಗಿನ ಚಂದ್ರ

ಅಂಗೈ ನೋಡಿ ಭವಿಷ್ಯ ಹೇಳುವವರು ತಾಮ್ರಪರ್ಣಿಯ ಎರಡೂ ದಡಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಆದರೆ ಆ ಅಂಗೈಯ ಒಳಗೆ ಏನೇನಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು, ಬರೀ ಹಿಡಿದು ಹೇಳಬಲ್ಲವರು ಪ್ರೊಫೆಸರ್ ವಡಮಲೈಯಪ್ಪನ್ ಅವರೊಬ್ಬರೇ. ಶರೀರರಚನಾಶಾಸ್ತ್ರದಲ್ಲಿ ಅವರ ಸ್ಥಾನ ಯಾವುದೆಂದು ಯಾರಾದರೂ ಕೇಳಿದರೆ, ತಿರುನೆಲ್ವೇಲಿಯಲ್ಲಿ ಹಲ್ವಕ್ಕೆ ಯಾವ ಸ್ಥಾನವೋ ಅದೇ ಎಂದು ಹೇಳಿ ಮುಗಿಸಬಹುದು. ಆದರೆ ಹಲ್ವ ತಿಂದವನು ಕೈ ತೊಳೆದುಕೊಂಡರೆ ಮರೆಯುತ್ತಾನೆ; ವಡಮಲೈಯಪ್ಪನ್ ಅವರಲ್ಲಿ ಕಲಿತವನು ಕೈ ತೊಳೆಯುವಾಗಲೆಲ್ಲ ಅವರನ್ನು ನೆನೆಯುತ್ತಾನೆ. ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನ ಕೈಕುಲುಕಿ, "ನೀವು ಚಿಕ್ಕಂದಿನಲ್ಲಿ ಮಾವಿನಮರದಿಂದ ಬಿದ್ದಿರಬೇಕು, ಬಲಗೈ ಊರಿ" ಎಂದು ಅವರು ಹೇಳಿದ್ದೂ, ಆತ ಹೌಹಾರಿ ತನ್ನ ಬಸ್ಸನ್ನೇ ತಪ್ಪಿಸಿಕೊಂಡದ್ದೂ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಮಾವಿನಮರವಲ್ಲ, ನೇರಳೆಮರ ಎಂದು ತಕರಾರು ತೆಗೆಯುವವರಿದ್ದಾರೆ. ಬಿದ್ದದ್ದು ನಿಜ ತಾನೆ?

ಅಂಥವರ ಬೆರಳುಗಳು, ನಿವೃತ್ತಿಗೆ ಇನ್ನು ಕೆಲವೇ ತಿಂಗಳಿವೆ ಎನ್ನುವಾಗ, ಅವರನ್ನು ಕೈಬಿಟ್ಟವು. ಅವರ ಕೊನೆಯ ತರಗತಿಯ ಹೊತ್ತಿಗೆ ಆ ಬೆರಳುಗಳಿಗೆ ಓದು ಮರಳುವುದೋ, ಇಲ್ಲವೇ ಪ್ರಸಿದ್ಧವಾದ ಆ ಹಳದಿ ಚೀಲ ಗೋಡೆಯ ಮೊಳೆಯ ಮೇಲೆಯೇ ಉಳಿಯುವುದೋ ಎಂಬ ಚಿಂತೆಯಲ್ಲಿ ಇಡೀ ವಿಭಾಗವೇ ಉಸಿರು ಬಿಗಿಹಿಡಿದಿತ್ತು. ಮೂಲೆಯಲ್ಲಿ ನೇತುಹಾಕಿದ ಅಸ್ಥಿಪಂಜರವೂ ಬಿಗಿಹಿಡಿದಿತ್ತು, ಅದಕ್ಕೆ ಉಸಿರಿರಲಿಲ್ಲ ಅಷ್ಟೆ. ಆ ಕಥೆಯನ್ನು ಹೇಳದೆ ಈ ಅಭಿನಂದನೆ ಪೂರ್ಣವಾಗದು. ಆದರೆ ಚೀಲದಿಂದ ಆರಂಭಿಸುವುದೇ ಕ್ರಮ.

ಮದುವೆಮನೆಯಿಂದ ಹೊರಡುವ ಅತಿಥಿಗಳಿಗೆ ತೆಂಗಿನಕಾಯಿ, ವೀಳ್ಯ, ಅಡಿಕೆ ಹಾಕಿ ಕೈಗಿಡುವ, ವಧೂವರರ ಹೆಸರು ಅಚ್ಚಾದ ಹಳದಿ ಬಟ್ಟೆಯ ಚೀಲವದು. ಕೆಲಸಕ್ಕೆ ಸೇರಿದ ಹೊಸತರಲ್ಲೇ ತರುಣ ವಡಮಲೈಯಪ್ಪನ್ ಅವರು ಅಂಥದೊಂದು ಚೀಲದಲ್ಲಿ ಎರಡು ಕೈಗಳ ಮಣಿಕಟ್ಟಿನ ಮೂಳೆಗಳನ್ನು ತುಂಬಿಕೊಂಡು ತರಗತಿಗೆ ಬಂದರು. ಮಣಿಕಟ್ಟೊಂದಕ್ಕೆ ಎಂಟು ಮೂಳೆ. ಅಂಗೈಗೆ ಐದು, ಬೆರಳುಗಳಿಗೆ ಹದಿನಾಲ್ಕು ಸೇರಿದರೆ ಒಂದು ಕೈಗೆ ಇಪ್ಪತ್ತೇಳು. ಉಳಿದವನ್ನು ದಡ್ಡನೂ ಕಲಿಯುತ್ತಾನೆ. ಬೆಣಚುಕಲ್ಲಿನಂತಿರುವ ಆ ಎಂಟರ ಮುಂದೆ ಜಾಣನೂ ಬೆವರುತ್ತಾನೆ. ಹಳ್ಳಿಯ ಶಾಲೆಗಳಿಂದ ಬಂದ ಮಕ್ಕಳು ಲ್ಯಾಟಿನ್ ಹೆಸರು ಕೇಳಿಯೇ ಕಂಗಾಲಾಗುತ್ತಾರೆಂದು ಅವರು ಅವಕ್ಕೆಲ್ಲ ಮನೆಮಾತಿನ ಹೆಸರಿಟ್ಟರು: ದೋಣಿ, ಚಂದ್ರ, ಮುಮ್ಮೂಲೆ, ಬಟಾಣಿ, ಕೊಕ್ಕೆ. ಹೆಬ್ಬೆರಳ ಬುಡದ ಮೂಳೆಗೆ ಜೀನು ಎಂದರು. ಕುದುರೆಯ ಮೇಲೆ ಸವಾರ ಕುಳಿತಂತೆ ಹೆಬ್ಬೆರಳು ಅದರ ಮೇಲೆ ಕುಳಿತು ಆಚೀಚೆ ವಾಲುವುದರಿಂದಲೇ ಮನುಷ್ಯ ಅನ್ನ ಕಲಸುತ್ತಾನೆ, ನಶ್ಯ ಹಿಡಿಯುತ್ತಾನೆ ಎಂದು ವಿವರಿಸಿದರು. ನಶ್ಯದ ಉದಾಹರಣೆ ಆಕಸ್ಮಿಕವಲ್ಲ. ಹೆಬ್ಬೆರಳ ಬುಡದಲ್ಲಿ, ಬೆರಳನ್ನು ಎತ್ತಿದಾಗ ಮೂಡುವ ಕುಳಿಗೆ ಶಾಸ್ತ್ರವೇ ನಶ್ಯದ ಡಬ್ಬಿ ಎಂದು ಹೆಸರಿಟ್ಟಿದೆ. ಆ ಹೆಸರಿನ ಮರ್ಯಾದೆಯನ್ನು ದಿನವಿಡೀ ಕಾಪಾಡಿದ ಪ್ರಾಧ್ಯಾಪಕರು ಭೂಮಂಡಲದಲ್ಲಿ ಇವರೊಬ್ಬರೇ.

ಪರೀಕ್ಷೆಯ ವಿಧಾನ ಹೀಗಿತ್ತು. ಗುರುಗಳು ತಮ್ಮ ಕೈಯನ್ನು ಚೀಲದೊಳಕ್ಕೆ ಇಳಿಬಿಡುವರು, ಶಿಷ್ಯನೂ ಇಳಿಬಿಡಬೇಕು. ಒಳಗೆ ಬೆರಳಿನಲ್ಲೇ ಒಂದು ಮೂಳೆಯನ್ನು ಆರಿಸಿ ಅವರು ಶಿಷ್ಯನ ಬೆರಳಿಗೆ ದಾಟಿಸುವರು. ಇಬ್ಬರಿಗೂ ಏನೂ ಕಾಣದು. ಗುರುಗಳಿಗೆ ಗೊತ್ತು, ಶಿಷ್ಯ ಹೇಳಬೇಕು. ಮೊದಲು ಪಕ್ಕ, ಆಮೇಲೆ ಹೆಸರು: ಎಡಗೈಯದೋ ಬಲಗೈಯದೋ ಹೇಳದೆ ಹೆಸರು ಹೇಳಿದವನಿಗೆ ಸೊನ್ನೆ. ಬಟಾಣಿ ಮೂಳೆಯ ಎಡಬಲ ಊರದೇವರು ನೆಲ್ಲೈಯಪ್ಪನಿಗೂ ಬಗೆಹರಿಯದ್ದರಿಂದ ಅದೊಂದಕ್ಕೆ ವಿನಾಯಿತಿ. ಮನೆಯಲ್ಲಿ ಸಾವಾಗಿ ಬಂದವನಿಗೆ, ಜ್ವರದಿಂದ ಎದ್ದುಬಂದವಳಿಗೆ ಚೀಲದಲ್ಲಿ ಯಾವಾಗಲೂ ಬಟಾಣಿಯೇ ಸಿಗುತ್ತಿದ್ದುದು ಹೇಗೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೈ ಹಾಕುವ ಮೊದಲು ನಮಸ್ಕಾರ ಹೇಳಬೇಕೆಂಬುದು ಇನ್ನೊಂದು ಕಟ್ಟಳೆ. "ಯಾರೋ ಪುಣ್ಯಾತ್ಮ ತನ್ನ ಕೈನೇ ನಿಮಗೆ ಕೊಟ್ಟು ಹೋಗಿದಾನೆ. ನೀವು ಅವನ ಕೈ ಕುಲುಕೋಕೆ ಹೋಗ್ತಿದೀರಿ ಕಣ್ರೋ, ಕಡಲೆಕಾಯಿ ಹೆಕ್ಕೋಕಲ್ಲ" ಎನ್ನುವರು. ಚೀಲ ಹರಿದರೆ ಶಿಷ್ಯರ ಮದುವೆಯ ಹೊಸ ಚೀಲ ಬರುತ್ತಿತ್ತು. ಮದುವೆಗೆ ಹೋದರೆ ಅವರು ವಧುವನ್ನು ನೋಡುವ ಮೊದಲು ಚೀಲದ ಬಟ್ಟೆಯನ್ನು ಉಜ್ಜಿ ನೋಡುತ್ತಿದ್ದರೆಂದೂ, ಬಟ್ಟೆ ತೆಳುವಾಗಿದ್ದರೆ ಪಾಯಸವೂ ರುಚಿಸುತ್ತಿರಲಿಲ್ಲವೆಂದೂ ಅವರ ಧರ್ಮಪತ್ನಿ ಗೋಮತಿ ಅಮ್ಮಾಳ್ ಇಂದಿಗೂ ದೂರುತ್ತಾರೆ.

ಈ ಚೀಲದಲ್ಲಿ ಸೋತವರ ಸಾಲಿನ ಮಹಾರಾಣಿ ಪೇಚಿಯಮ್ಮಾಳ್. ತಾಳೆಬೆಲ್ಲ ಕಾಯಿಸುವ ಮನೆಯಿಂದ ಬಂದ ಈ ಹುಡುಗಿಗೆ ಹೆಸರುಗಳೆಲ್ಲ ಬಾಯಿಪಾಠ. ಆದರೆ ಚೀಲದೊಳಗೆ ಕೈ ಹೋದರೆ ಎಡ ಬಲವಾಗುತ್ತಿತ್ತು, ಬಲ ಎಡವಾಗುತ್ತಿತ್ತು. ಚಂದ್ರವಂತೂ ಅವಳ ಬೆರಳಿಗೆ ಹುಣ್ಣಿಮೆಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ. "ಪೇಚಿ, ನೀನು ರಸ್ತೆ ಹೇಗೆ ದಾಟ್ತೀಯೇ?" ಎಂದು ಕೇಳಿದ ಗುರುಗಳು, ಪೊಂಗಲ್ ರಜೆಗೆ ಚೀಲವನ್ನೇ ಅವಳ ಕೈಗಿಟ್ಟು ಊರಿಗೆ ಕಳಿಸಿದರು. ಅದು ಯಾವ ಪ್ರಾಧ್ಯಾಪಕರೂ ಮಾಡದ ದಯೆ. ಯಾವ ಊರಿನಲ್ಲೂ ಆಗದ ಎಡವಟ್ಟಿಗೆ ದಾರಿ ಮಾಡಿದ ದಯೆಯೂ ಹೌದು. ಬಸ್ಸಿನಲ್ಲಿ ಪೇಚಿಯ ಪಕ್ಕ ಕುಳಿತ ಮುದುಕಿಯ ಕಾಲಬಳಿಯೂ ಮದುವೆಯ ಹಳದಿ ಚೀಲವೊಂದಿತ್ತು. ಮುದುಕಿ ಅಂಬಾಸಮುದ್ರದಲ್ಲಿ ಇಳಿದಳು. ಪೇಚಿ ಮನೆಗೆ ಹೋಗಿ ಚೀಲ ಬಿಚ್ಚಿದರೆ ತೆಂಗಿನಕಾಯಿ.

ಮರುದಿನ ಅವಳು ಗುರುಗಳ ಬಾಗಿಲಿಗೆ ಬಂದು, ಓದು ಬಿಡುತ್ತೇನೆಂದು ಹೇಳಿ ಅಳುತ್ತಾ ನಿಂತಳು.

"ಕಾಯಿ ಒಡೆದ್ಯಾ?" ಎಂದು ಕೇಳಿದರು ವಡಮಲೈಯಪ್ಪನ್.

"ಇಲ್ಲ ಸಾರ್."

"ಒಳ್ಳೇದಾಯ್ತು. ಅದು ಬೇರೆಯವರದು, ವಾಪಸ್ ಕೊಡಬೇಕು. ಚಪ್ಪಲಿ ಬಿಡಬೇಡ, ಹೊರಡೋಣ."

ಚೀಲದ ಮೇಲೆ ಅಚ್ಚಾಗಿದ್ದ ವಧೂವರರ ಹೆಸರು ಹಿಡಿದು ಮದುವೆಯ ಮನೆಯವರನ್ನು ಹುಡುಕಿ, ಅವರಿಂದ ಅಂಬಾಸಮುದ್ರದ ನೆಂಟರ ವಿಳಾಸ ಕೇಳಿ, ಉಲಗಮ್ಮಾಳ್ ಎಂಬ ಆ ಅಜ್ಜಿಯ ಬೀದಿಗೆ ಅವರು ತಲುಪಿದಾಗ ಅಲ್ಲಿ ರಥ ಎಳೆಯುವಷ್ಟು ಜನ ಸೇರಿದ್ದರು. ಜಗಲಿಯ ಮೇಲೆ ಮೂಳೆಗಳು. ಯಾರೋ ಮಾಟ ಮಾಡಿದ್ದಾರೆ ಎಂದು ಒಬ್ಬ, ಸಿದ್ಧರ ಪ್ರಸಾದ ಎಂದು ಇನ್ನೊಬ್ಬ. ಎರಡರಲ್ಲಿ ಯಾವುದಾದರೂ ಇರಲಿ ಎಂದು ಅಜ್ಜಿ ಒಂದು ಮೂಳೆಗೆ ದಪ್ಪಗೆ ಅರಿಶಿನ ಬಳಿದು ಗ್ರಾಮದೇವತೆ ಇಸಕ್ಕಿಯಮ್ಮನ ಮುಂದೆ ದೀಪ ಹಚ್ಚಿಟ್ಟಿದ್ದಳು.

"ಮದುವೆ ಚೀಲದಲ್ಲಿ ಮೂಳೆ ತುಂಬಿ ಕೊಟ್ಟೋನು ನೀನೇ ಏನಯ್ಯಾ? ನೋಡೋಕೆ ಓದಿದೋನ ಥರ ಇದೀಯ! ಬಾಯಿಗೆ ಎಲೆಯಡಿಕೆ ಹಾಕ್ಕೊಳ್ಳೋಣಾಂತ ಕೈ ಹಾಕಿದ್ರೆ ಸ್ಮಶಾನ ಸಿಕ್ತಲ್ಲೋ!" ಎಂದು ಅಜ್ಜಿ ಹರಿಹಾಯ್ದಳು.

ವಡಮಲೈಯಪ್ಪನ್ ಅವರು ಜಗಲಿಯ ಮೇಲೆ ಕುಳಿತರು. ಅಜ್ಜಿಯ ಎಡಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಅವಳ ಮಣಿಕಟ್ಟಿನ ಮೇಲೆಯೇ ದೋಣಿ, ಚಂದ್ರ, ಮುಮ್ಮೂಲೆ, ಬಟಾಣಿ ಎಂದು ಒಂದು ಸಾಲು, ಅದರ ಮುಂದೆ ಇನ್ನೊಂದು ಸಾಲು ಜೋಡಿಸಿ, "ಅಜ್ಜೀ, ಇದು ಸ್ಮಶಾನ ಅಲ್ಲ. ನಿನ್ನ ಚರ್ಮದ ಕೆಳಗೂ ಇದೇ ಇದೆ. ಕೈ ಮಡಿಸು ನೋಡೋಣ" ಎಂದರು.

ಅಜ್ಜಿ ಮಡಿಸಿದಳು. ಮೇಲಿನ ಮೂಳೆಗಳು ಜಾರಿದವು, ಒಳಗಿನವು ಜಾರಲಿಲ್ಲ. ಅವಳು ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡು ಹೇಳಿದಳು: "ಅಯ್ಯೋ ಶಿವನೇ, ಇಷ್ಟೊಂದು ಸಾಮಾನು ಹೊತ್ಕೊಂಡು ನಾನು ಅಕ್ಕಿ ಕೇರ್ತಿದ್ನಾ?"

ಆ ಮಧ್ಯಾಹ್ನ ಅವಳು ಬಡಿಸಿದ, ತೆಂಗಿನಹಾಲಿನ ಸೊದಿ ಮತ್ತು ಶುಂಠಿ ಚಟ್ನಿಯ ಊಟವನ್ನು ಗುರುಗಳು ಬಣ್ಣಿಸಿದಷ್ಟು ಸಲ ಆ ಊರಿನವರು ಉಂಡೂ ಇರಲಾರರು. ಮೂಳೆಗಳನ್ನು ಹಿಂತಿರುಗಿಸುವಾಗ ಅಜ್ಜಿ ಒಂದೇ ಮಾತು ಕೇಳಿದಳು: ದೇವಿಯ ಮುಂದಿಟ್ಟ ಮೂಳೆಯ ಅರಿಶಿನವನ್ನು ತೊಳೆಯಬಾರದು. ಅದು ಎಡಗೈಯ ಚಂದ್ರ. ಅಂದಿನಿಂದ ಇಂದಿನವರೆಗೆ ಅದನ್ನು ಯಾರೂ ತೊಳೆದಿಲ್ಲ. ಎಷ್ಟು ಕೈ ಮುಟ್ಟಿದರೂ ಆ ಹಳದಿ ಮಾಸಲಿಲ್ಲ; ಕಣ್ಣಿಗೆ ಬಿದ್ದರೆ ಇಡೀ ಕಾಲೇಜು ಅದನ್ನು ಗುರುತಿಸುತ್ತದೆ, ಚೀಲದೊಳಗಿನ ಬೆರಳಿಗೆ ಮಾತ್ರ ಅದೂ ಉಳಿದವುಗಳಂತೆ ಇನ್ನೊಂದು ಮೂಳೆ. ಹಿಂತಿರುಗುವ ಬಸ್ಸಿನಲ್ಲಿ ಅವರು ಪೇಚಿಯ ಕೈಯನ್ನು ಚೀಲದೊಳಗೇ ಇರಿಸಿಕೊಂಡರು. ರಸ್ತೆಯ ಗುಂಡಿಗೊಂದರಂತೆ ಮೂಳೆ ದಾಟಿಸುತ್ತ ಹೋದರು, ಗುಂಡಿಗಳಿಗೇನೂ ಬರವಿರಲಿಲ್ಲ. ಊರು ಬರುವ ಹೊತ್ತಿಗೆ ಹುಡುಗಿಯ ಬೆರಳಿಗೆ ಎಡಬಲ ಹತ್ತಿತ್ತು. ವಿಭಾಗದಲ್ಲಿ ಕೇಳಿದವರಿಗೆ ಗುರುಗಳು, "ಮೂಳೆಗಳು ಹಬ್ಬಕ್ಕೆ ನೆಂಟರ ಮನೆಗೆ ಹೋಗಿದ್ದವು" ಎಂದಷ್ಟೇ ಹೇಳಿದರು. ಆ ಪೇಚಿಯಮ್ಮಾಳ್ ಇಂದು ನಮ್ಮ ಆಸ್ಪತ್ರೆಯ ಕೈ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥೆ. ಮುರಿದ ಕೈ ಹಿಡಿದುಕೊಂಡು ಕೊಲಂಬೊದಿಂದಲೂ ಜನ ಹಡಗು ಹತ್ತಿ ಬರುತ್ತಾರೆ. ಹಡಗಿಲ್ಲದ ದಿನ ಈಜಿಕೊಂಡು ಬಂದವರೂ ಇರಬಹುದು.

ಹೀಗೆ ಮೂರು ದಶಕಗಳು ಸಂದವು. ಚೀಲಗಳು ಬದಲಾದವು, ಚೀಲದ ಮೇಲೆ ಹೆಸರಿದ್ದವರ ಮಕ್ಕಳೇ ಚೀಲಕ್ಕೆ ಕೈ ಹಾಕಲು ಬಂದರು. ಕಳೆದ ವರ್ಷದ ಮಳೆಗಾಲದಲ್ಲಿ ಗುರುಗಳು ಸೀನಲು ತೊಡಗಿದರು.

ಸೀನು ಎಂದರೆ ಅಂತಿಂಥ ಸೀನಲ್ಲ. ಒಂದು ಸೀನಿಗೆ ಅಸ್ಥಿಪಂಜರದ ದವಡೆ ಕಳಚಿಬಿತ್ತು. ಗೋಮತಿ ಅಮ್ಮಾಳ್, "ಏನೂಂದ್ರೆ, ಮಹಡಿ ಮನೆಯವರು ಭೂಕಂಪ ಅಂತ ಮಗು ಎತ್ಕೊಂಡು ಕೆಳಗೆ ಓಡಿಬಂದ್ರು. ಆ ಪುಡಿ ಬಿಡಿ ಅಂದ್ರೆ ಕೇಳಲ್ಲ" ಎಂದು ಗದರಿದರೆ, ಅವರು ಅಂಗಡಿಯವನು ಕಲಬೆರಕೆ ಮಾಡುತ್ತಿದ್ದಾನೆಂದು ಗೊಣಗಿ ಅಂಗಡಿ ಬದಲಿಸಿದರು. ತಾನು ಚಿಟಿಕೆ ಹಿಡಿಯುತ್ತಿಲ್ಲ, ಹಿಡಿಗಟ್ಟಲೆ ಏರಿಸುತ್ತಿದ್ದೇನೆ ಎಂಬುದು ಅವರಿಗೂ ಒಳಗೊಳಗೆ ತಿಳಿದಿತ್ತು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಷ್ಟು ಪುಡಿಯಿದೆಯೆಂದು ಬೆರಳು ಹೇಳುವುದನ್ನು ನಿಲ್ಲಿಸಿತ್ತು. ಅಂಗಿಯ ಗುಂಡಿ ಹಾಕಲು ಅವರು ಕನ್ನಡಿ ನೋಡತೊಡಗಿದ್ದರು. ಕಾಯಿಲೆಯ ಹೆಸರು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಟು ಮೂಳೆಗಳ ಕಮಾನಿನ ಮೇಲೆ ಬಿಗಿದ ಪಟ್ಟಿಯೊಂದಿದೆ. ಆ ಓಣಿಯಲ್ಲಿ ಬೆರಳು ಮಡಿಸುವ ನಾರುಗಳ ಜೊತೆ ಒಂದು ನರ ಸಾಗುತ್ತದೆ. ಓಣಿ ಇಕ್ಕಟ್ಟಾದರೆ ನರ ನಲುಗಿ ಬೆರಳು ಮರಗಟ್ಟುತ್ತದೆ. ಸಾವಿರಾರು ಮಕ್ಕಳಿಗೆ ತಾವೇ ಕಲಿಸಿದ ಪಾಠ ತಮ್ಮ ಕೈಯಲ್ಲೇ ನಡೆಯುತ್ತಿದೆ ಎಂದು ಒಪ್ಪಿಕೊಳ್ಳಲು ಆ ಹಿರಿಯ ಮನಸ್ಸಿಗೆ ಆಗಲಿಲ್ಲ. ಅವರು ಒಪ್ಪಿಕೊಳ್ಳದ್ದನ್ನು ಚೀಲ ಬಯಲಿಗೆಳೆಯಿತು.

ಮೇಲಪಾಳಯದಿಂದ ಬಂದ ಮೊದಲ ವರ್ಷದ ಹುಡುಗಿ ಮೈದೀನ್ ಫಾತಿಮಾಳ ಸರದಿ. ಗುರುಗಳು ಚೀಲದೊಳಗೆ ಹುಡುಕಿ ಒಂದು ಮೂಳೆಯನ್ನು ಅವಳ ಬೆರಳಿಗೆ ದಾಟಿಸಿದರು.

"ಎಡ. ಚಂದ್ರ" ಎಂದಳು ಅವಳು.

"ಹೆಸರು ಸರಿ, ಪಕ್ಕ ತಪ್ಪು. ಬಲ."

"ಇಲ್ಲ ಸಾರ್, ಎಡ."

"ಅವಸರ ಬೇಡ ಮಗಳೇ. ಇನ್ನೊಂದ್ಸಲ ಮುಟ್ಟಿ ಹೇಳು."

"ಎಷ್ಟು ಸಲ ಮುಟ್ಟಿದ್ರೂ ಎಡಾನೇ ಸಾರ್" ಎಂದು ಹುಡುಗಿ ಕೈ ಹೊರಗೆ ತೆಗೆದಳು.

ಅಂಗೈಯಲ್ಲಿ ಉಲಗಮ್ಮಾಳ್ ಅಜ್ಜಿಯ ಅರಿಶಿನ ಹೊಳೆಯುತ್ತಿತ್ತು. ವಾದಕ್ಕೆ ಜಾಗವೇ ಇರಲಿಲ್ಲ. ತರಗತಿಯಲ್ಲಿ ಬೀಸಣಿಗೆಗಳೂ ತಿರುಗುವುದನ್ನು ಮರೆತವು. ಫಾತಿಮಾ ತಾನೇ ತಪ್ಪು ಮಾಡಿದವಳಂತೆ ಕಣ್ಣಲ್ಲಿ ನೀರು ತಂದುಕೊಂಡಳು. ವಡಮಲೈಯಪ್ಪನ್ ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ನೀನು ಸರಿ ಕಣಮ್ಮಾ. ನನ್ನ ಕೈ ಸುಳ್ಳು ಹೇಳ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೊರನಡೆದರು. ಆ ದಿನ ಅವರು ನಶ್ಯವನ್ನೂ ಮುಟ್ಟಲಿಲ್ಲ. ಚೀಲದ ಪರೀಕ್ಷೆ ನಿಂತಿತು. ಮೂಳೆಗಳನ್ನು ಮೇಜಿನ ಮೇಲೆ ಹರಡಿ, ಕಣ್ಣಿಂದ ನೋಡಿ ಪಾಠ ಹೇಳುವ, ಎಲ್ಲ ಊರಿನ ಎಲ್ಲ ಪ್ರಾಧ್ಯಾಪಕರಂತೆ ಅವರೂ ಒಬ್ಬರಾದರು. ಅದನ್ನು ನೋಡುವುದು ನಮಗೆ ಕಷ್ಟವಾಗಿತ್ತು.

ಸುದ್ದಿ ಕೇಳಿ ಪೇಚಿಯಮ್ಮಾಳ್ ಗುರುಗಳ ಕೋಣೆಗೆ ಬಂದರು. "ಯಾವ ಕೈ ಸಾರ್?"

ಗುರುಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನೀನೇ ಹೇಳು."

"ಸಾರ್, ನಾನು ಈಗ ಹೆಡ್ಡು."

"ಹೆಡ್ಡಾದ್ರೇನು, ಪೇಚಿ ತಾನೆ? ಮೊದಲು ಪಕ್ಕ."

ಆಕೆ ಅವರ ಬೆನ್ನ ಹಿಂದೆ ಹೋಗಿ, ಕಣ್ಣು ಮುಚ್ಚಿ, ಎರಡೂ ಹೆಬ್ಬೆರಳುಗಳ ಬುಡವನ್ನು ಒತ್ತಿ ನೋಡಿದರು. ಎಡಗೈಯ ದಿಬ್ಬ ತುಂಬಿಕೊಂಡಿತ್ತು. ಬಲಗೈಯದು ಬೇಸಿಗೆಯ ಕೆರೆಯಂತೆ ತಗ್ಗಿತ್ತು. ಬಹಳ ಹೊತ್ತು ಆ ತಗ್ಗನ್ನು ಹಿಡಿದುಕೊಂಡೇ ನಿಂತ ಪೇಚಿಯಮ್ಮಾಳ್ ಮೆಲ್ಲನೆ, "ಬಲ" ಎಂದರು. "ಯಾಕೆ ಸಾರ್ ಇಷ್ಟು ದಿನ ಮುಚ್ಚಿಟ್ರಿ? ಪಟ್ಟಿ ಬಿಡಿಸ್ತೀನಿ. ಆದ್ರೆ ನರ ತುಂಬ ದಿನ ನಲುಗಿದೆ. ಸ್ಪರ್ಶ ಪೂರ್ತಿ ಬರುತ್ತೆ ಅಂತ ಮಾತು ಕೊಡೋಕಾಗಲ್ಲ."

"ಚೀಲಕ್ಕೆ ಸಾಕಾಗೋವಷ್ಟು ಬಂದ್ರೆ ಸಾಕು" ಎಂದರು ಗುರುಗಳು.

ಅಂಗೈಯನ್ನಷ್ಟೇ ಮರಗಟ್ಟಿಸಿ ನಡೆಸಿದ ಆ ಶಸ್ತ್ರಚಿಕಿತ್ಸೆ ಲೋಕದ ವೈದ್ಯಚರಿತ್ರೆಯಲ್ಲೇ ವಿಶಿಷ್ಟವಾದದ್ದು. ಕೊಯ್ಯಿಸಿಕೊಂಡವರು ಕೊಯ್ಯುವವರಿಗೆ ಮೌಖಿಕ ಪರೀಕ್ಷೆ ನಡೆಸಿದ್ದು ಬೇರೆಲ್ಲಿ ಉಂಟು?

"ಈಗ ಏನು ಕಾಣ್ತಿದೆ ಪೇಚಿ?"

"ಪಟ್ಟಿ ಸಾರ್."

"ಒಂದು ಕಡೆ ಎಲ್ಲಿ ಹಿಡ್ಕೊಂಡಿದೆ?"

"ಕೊಕ್ಕೆಗೆ, ಬಟಾಣಿಗೆ."

"ಇನ್ನೊಂದು ಕಡೆ?"

"ದೋಣಿಗೆ, ಜೀನಿಗೆ. ಸಾರ್, ದಯವಿಟ್ಟು ಸುಮ್ನಿರಿ, ಕೈಯಲ್ಲಿ ಕತ್ತಿ ಇದೆ."

"ಕತ್ತಿ ಇರೋದಕ್ಕೇ ಕೇಳ್ತಿರೋದು. ನರ ಹೇಗಿದೆ?"

ಪೇಚಿಯಮ್ಮಾಳ್ ಕತ್ತಿ ಕೆಳಗಿಟ್ಟು ಬಾಗಿ ನೋಡಿದರು. ಪಟ್ಟಿ ಬಿಡಿಸಿಕೊಂಡಿತ್ತು. "ಚಪ್ಪಟೆಯಾಗಿದೆ ಸಾರ್. ಆದ್ರೆ ಬಣ್ಣ ಬರ್ತಿದೆ" ಎಂದರು. ಮುಖಗವಸಿನ ಮೇಲೆ ಅವರ ಕಣ್ಣು ತುಂಬಿದ್ದನ್ನು ದಾದಿಯೊಬ್ಬರು ಒರೆಸಿದರು. ಪಕ್ಕದ ಪರದೆಯಾಚೆ ಗುರುಗಳು, "ಪಾಸು" ಎಂದರು.

ಗಾಯ ಮಾಗಿತು. ಹೆಬ್ಬೆರಳಿಗೆ ಮೊದಲು ಬಿಸಿತಂಪು ತಿಳಿಯಿತು, ಆಮೇಲೆ ತೋರುಬೆರಳಿಗೆ. ಸೀನು ಕಡಿಮೆಯಾಯಿತೆಂದು ಮಹಡಿ ಮನೆಯವರು ಬಂದು ಹೇಳಿಹೋದರು. ಆದರೆ ನಡುಬೆರಳು ಹತ್ತಿ ಸುತ್ತಿದಂತೆಯೇ ಉಳಿಯಿತು. ಗೋಮತಿ ಅಮ್ಮಾಳ್ ಅವರ ಅಡುಗೆಮನೆಯಲ್ಲಿ ಗುರುಗಳು ಕಣ್ಣು ಮುಚ್ಚಿಕೊಂಡು ಹುಣಸೆಬೀಜ, ಅಡಿಕೆ, ಮೆಂತ್ಯ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿದರು. "ಸಾರಿಗೆ ಹಾಕೋ ಬೇಳೇನಾದ್ರೂ ಬಿಡಿ ಮಾರಾಯ್ರೇ, ಎಲ್ಲಾನೂ ಪರೀಕ್ಷೆಗೆ ಕೂರಿಸ್ಬೇಡಿ" ಎಂದು ಆಕೆ ಬೈದರು. ಬೈಯುತ್ತಲೇ ಇನ್ನೊಂದು ಡಬ್ಬಿಯನ್ನು ಅವರ ಮುಂದೆ ತೆರೆದಿಟ್ಟರು.

ಕೊನೆಯ ತರಗತಿಯ ದಿನ ಮೊದಲ ವರ್ಷದವರ ಕೋಣೆಯಲ್ಲಿ ಹಳೆಯ ವಿದ್ಯಾರ್ಥಿಗಳೇ ತುಂಬಿ, ಮೊದಲ ವರ್ಷದವರು ಕಿಟಕಿ ಹತ್ತಿದ್ದರು. ಗುರುಗಳು ಮೊಳೆಯಿಂದ ಚೀಲ ಇಳಿಸಿದರು. ನಂತರ ಯಾರೂ ಎಣಿಸದ ಕೆಲಸ ಮಾಡಿದರು. ಫಾತಿಮಾಳನ್ನು ಕರೆದು, "ಇವತ್ತು ನೀನು ಕೊಡು, ನಾನು ಹೇಳ್ತೀನಿ" ಎಂದರು.

"ನಾನಾ ಸಾರ್? ಬೇಡ ಸಾರ್."

"ಹೆದರ್ಕೋಬೇಡ. ಬಟಾಣಿ ಮಾತ್ರ ಕೊಡಬೇಡ. ನಂಗೆ ದಯೆ ತೋರಿಸಿದ್ದು ಗೊತ್ತಾದ್ರೆ ಮಾರ್ಕು ಕಡಿತೀನಿ."

ಇಬ್ಬರೂ ನಮಸ್ಕಾರ ಹೇಳಿ ಚೀಲದೊಳಗೆ ಕೈ ಇಳಿಸಿದರು. ಫಾತಿಮಾ ಒಂದು ಮೂಳೆಯನ್ನು ದಾಟಿಸಿದಳು. ಮೊದಲೆಲ್ಲ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳುತ್ತಿದ್ದ ಮನುಷ್ಯ ಹಣೆ ಬೆವರುವವರೆಗೆ ಸುಮ್ಮನೆ ನಿಂತರು. ಚೀಲದ ಬಟ್ಟೆ ಒಳಗಿನ ಬೆರಳುಗಳೊಡನೆ ಮೆಲ್ಲಗೆ ಮಿಸುಕುತ್ತಿತ್ತು. ಹಿಂದಿನ ಸಾಲಿನಲ್ಲಿ ಪೇಚಿಯಮ್ಮಾಳ್ ತಮ್ಮ ಎಡಗೈಯನ್ನು ಬಲಗೈಯಲ್ಲಿ ಒತ್ತಿ ಹಿಡಿದಿದ್ದರು. ಆಕೆಯ ಕೆಲಸ ಫಲಿಸಿತೋ ಇಲ್ಲವೋ ಎಂಬುದು ಯಾವ ಯಂತ್ರದಲ್ಲೂ ಅಲ್ಲ, ಆ ಚೀಲದಲ್ಲಿ ತೀರ್ಮಾನವಾಗಬೇಕಿತ್ತು.

"ಎಡ" ಎಂದರು ಗುರುಗಳು. ಮತ್ತೆ ನಿಂತರು. "ಚಂದ್ರ."

ಕೊನೆಗೆ, "ಅರಿಶಿನದ್ದು" ಎಂದರು.

ಫಾತಿಮಾ ಅವರ ಮುಷ್ಟಿಯನ್ನು ಚೀಲದಿಂದ ಎತ್ತಿ ಬಿಡಿಸಿದಳು. ಹಳದಿ.

ಕೋಣೆಯಲ್ಲಿ ಎದ್ದ ಗದ್ದಲಕ್ಕೆ ತಾಮ್ರಪರ್ಣಿಯ ಕೊಕ್ಕರೆಗಳೆಲ್ಲ ಹಾರಿಹೋದವು. ಕೆಲವು ಇನ್ನೂ ಮರಳಿಲ್ಲ. ಗದ್ದಲ ಇಳಿದ ಮೇಲೆ ಫಾತಿಮಾ ಕೇಳಿದಳು: "ಸಾರ್, ಬಣ್ಣಾನೂ ಬೆರಳಿಗೆ ತಿಳಿಯುತ್ತಾ?"

"ಇಲ್ಲಮ್ಮಾ. ನೀನು ಇದನ್ನೇ ಕೊಡ್ತೀಯ ಅಂತ ತಿಳೀತು. ಅವತ್ತು ನಾನು ಸೋತದ್ದನ್ನೇ ಇವತ್ತು ಗೆಲ್ಲಲಿ ಅಂತ ಹುಡುಕಿ ಕೊಟ್ಟೆ ತಾನೆ? ಚಂದ್ರ, ಎಡ, ಇವು ಬೆರಳು ಹೇಳಿದ್ದು. ಅರಿಶಿನ ನಿನ್ನ ಕೈ ಹೇಳಿತು. ನಡುಗ್ತಾ ಇತ್ತು."

ಇನ್ನೊಬ್ಬರ ಕೈಯನ್ನು ಹೀಗೆ ಓದುವ ಮನುಷ್ಯನಿಗೆ ನಿವೃತ್ತಿ ಎಂಬುದು ಸರ್ಕಾರಿ ಆಜ್ಞೆಯೇ ಹೊರತು ಬೇರೇನಲ್ಲ. ಆ ಚೀಲವನ್ನು ವಿಭಾಗಕ್ಕೆ ಒಪ್ಪಿಸಿ ಹೋಗುವಾಗ ಅವರು ಪ್ರತಿ ಶನಿವಾರ ಬಂದು ಅದನ್ನು ವಿಚಾರಿಸಿಕೊಳ್ಳುವುದಾಗಿ ಬೆದರಿಸಿದ್ದಾರೆ. ಆ ಬೆದರಿಕೆ ಎಂದೂ ತಪ್ಪದಿರಲಿ. ನಶ್ಯದ ಕುಳಿ ಎಂದೂ ಬರಿದಾಗದಿರಲಿ, ಮಹಡಿ ಮನೆಯವರು ನೆಮ್ಮದಿಯಾಗಿರಲಿ, ಗೋಮತಿ ಅಮ್ಮಾಳ್ ಅವರ ಬೈಗುಳ ಅವರ ಕಿವಿಗೆ ದಿನವೂ ಬೀಳಲಿ. ನೂರು ವರ್ಷ ಬಾಳಿ ಎಂದು ಹರಸುವವರು ಕೈ ಬಿಗಿಯ ಜನ. ಕೈಯ ಇಪ್ಪತ್ತೇಳು ಮೂಳೆಗಳಲ್ಲಿ ಒಂದೊಂದಕ್ಕೂ ನಾಲ್ಕು ವರ್ಷದಂತೆ ನೂರೆಂಟು ವರ್ಷ ಅವರು ನಮ್ಮ ನಡುವೆ ಇರಲೆಂಬುದು ನಮ್ಮ ಕೋರಿಕೆ. ಮೊದಲು ಪಕ್ಕ ಹೇಳಬೇಕೆಂದು ಕಲಿಸಿದವರು ಅವರೇ: ಇದು ಬಲಗೈಯ ಲೆಕ್ಕ. ಎಡಗೈಯದು ಆಮೇಲೆ.